ರಸ್ತೆಯ ಮೇಲೆ ಹರಿಯುವ ನೀರು

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಸೇರಿದ ಸೀಮೆಯು ತೆಂಗಿಗೆ ಹೆಸರಾದುದು. ತುರುವೇಕೆರೆ ತಾಲ್ಲೂಕಿನ ದಂಡಿನಶಿವರ ಹೋಬಳಿಯಲ್ಲಿ ಯಾವ ದಾರಿ ಹಿಡಿದು ನಡೆದರೂ ಎರಡು ಪಕ್ಕದಲ್ಲಿ ತೆಂಗಿನ ತೋಟ, ತೋಟದ ಮೇಲುಗಡೆ ಕೆರೆಯ ಏರಿ, ಏರಿಯ ಒಂದು ಕೊನೆಯಲ್ಲಿ ಕೋಡಿ, ಕೋಡಿಯ ಕೆಳಗೆ ಹಳ್ಳ, ಇವೇ ಕಣ್ಣಿಗೆ ಬೀಳುವುವು. ಮಲೆನಾಡಿಗೆ ಹೋಲಿಸಿದರೆ ಇಲ್ಲಿ ಬೀಳುವ ಮಳೆ ಅತ್ಯಲ್ಪ. ಬೇಸಗೆಯಲ್ಲಿ ಹಳ್ಳಗಳೆಲ್ಲ ಒಣಗಿ, ದನಕರುಗಳು ಓಡಾಡುವ ಮರಳು ದಾರಿಗಳಾಗುವುವು.

ಇಂತಹ ಒಣಸೀಮೆಯಲ್ಲಿ ಪ್ರವಾಹದ ಮಾತೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದು. ಆದರೆ ಅಪಾಯದ ಮೂಲವೂ ಈ ಪ್ರಶ್ನೆಯಲ್ಲಿಯೇ ಅಡಗಿದೆ. ವರ್ಷದಲ್ಲಿ ಮುನ್ನೂರೈವತ್ತು ದಿನ ಒಣಗಿರುವ ಹಳ್ಳವನ್ನು ಯಾರೂ ನದಿಯೆಂದು ಬಗೆಯುವುದಿಲ್ಲ. ಅದರ ಮೇಲೆ ಎತ್ತರದ ಸೇತುವೆ ಕಟ್ಟುವ ಬದಲು ರಸ್ತೆಯನ್ನೇ ತಗ್ಗಿಸಿ, ಕೆಳಗೆ ಒಂದೆರಡು ಕೊಳವೆಗಳ ಮೋರಿಯಿಟ್ಟು ದಾಟಿಸಿರುತ್ತಾರೆ. ಉಳಿದ ಹದಿನೈದು ದಿನಗಳಲ್ಲಿ ಒಂದು ರಾತ್ರಿ, ಮಳೆ ನಿಂತು ಆಕಾಶದಲ್ಲಿ ನಕ್ಷತ್ರಗಳು ಕಾಣುತ್ತಿರುವಾಗ, ಆ ತಗ್ಗಿನಲ್ಲಿ ನೀರು ಹರಿಯುತ್ತಿರುವುದು. ಸಂತೆಯಿಂದಲೋ ಮದುವೆಯಿಂದಲೋ ಮರಳುತ್ತಿರುವವನು ಅದನ್ನು ಕಂಡು, "ಮಂಡಿಯುದ್ದವೂ ಇಲ್ಲ, ದಾಟಿಬಿಡೋಣ" ಎಂದು ವಾಹನವನ್ನು ಮುಂದಕ್ಕೆ ಬಿಡುವನು. ಈ ಒಂದು ನಿರ್ಧಾರದಲ್ಲಿ ಎಷ್ಟು ಬಗೆಯ ತಪ್ಪುಗಳು ಸೇರಿವೆ ಎಂಬುದನ್ನು ಭೌತಶಾಸ್ತ್ರದ ಸಹಾಯದಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕೆರೆಗಳ ಸರಪಣಿ

ನಮ್ಮ ಹಿರಿಯರು ಕೆರೆಗಳನ್ನು ಒಂಟಿಯಾಗಿ ಕಟ್ಟಲಿಲ್ಲ. ಮೇಲಿನ ಕೆರೆ ತುಂಬಿದರೆ ಅದರ ಕೋಡಿಯ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ, ಹೀಗೆ ಕೊನೆಗೆ ಶಿಂಷೆಯಂತಹ ನದಿಗೆ ನೀರು ಸೇರುವಂತೆ ಅವನ್ನು ಸರಪಣಿಯಾಗಿ ಜೋಡಿಸಿದರು. ಕೆರೆ ಬರಿದಾಗಿರುವಾಗ ಎಂತಹ ಬಿರುಮಳೆ ಬಂದರೂ ಅದು ನೀರನ್ನು ನುಂಗಿಕೊಳ್ಳುತ್ತದೆ. ಕೆಳಗಿನ ಹಳ್ಳಕ್ಕೆ ಏನೂ ತಿಳಿಯುವುದಿಲ್ಲ. ಕೆರೆ ತುಂಬಿರುವಾಗಲಾದರೋ, ಬಿದ್ದ ಮಳೆಯ ಬಹುಭಾಗ ಕೋಡಿಯ ಮೂಲಕ ಹೊರಕ್ಕೆ ಬರಲೇಬೇಕು. ಈ ಸೀಮೆಯ ಹಲವು ಕೆರೆಗಳಿಗೆ ಈಗ ಹೇಮಾವತಿ ನಾಲೆಯ ನೀರೂ ಬರುತ್ತದೆ. ಇದು ರೈತನಿಗೆ ವರ. ಆದರೆ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳ ಗುಡುಗುಮಳೆಯ ಕಾಲಕ್ಕೆ ಕೆರೆ ಮೊದಲೇ ತುಂಬಿದ್ದರೆ, ಮಳೆಯನ್ನು ತಡೆದಿಟ್ಟುಕೊಳ್ಳುವ ಅದರ ಶಕ್ತಿ ಕಡಿಮೆಯಾಗಿರುತ್ತದೆ ಎಂಬುದನ್ನು ಮರೆಯಬಾರದು. 2022ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯಲ್ಲಿ ನೂರಾರು ಕೆರೆಗಳು ಕೋಡಿಬಿದ್ದುದನ್ನು ಜಿಲ್ಲೆಯ ಜನ ಕಣ್ಣಾರೆ ಕಂಡಿದ್ದಾರೆ.

ಸರಪಣಿಗೆ ಇನ್ನೊಂದು ಗುಣವಿದೆ. ಮಳೆ ಬಿದ್ದ ಹೊತ್ತಿಗೂ ನೀರು ಬಂದು ಸೇರುವ ಹೊತ್ತಿಗೂ ಗಂಟೆಗಳ ಅಂತರವಿರುತ್ತದೆ. ಸಂಜೆ ಐದಾರು ಗಂಟೆಗೆ ಮೇಲಿನ ಗುಡ್ಡಗಳಲ್ಲಿ ಸುರಿದ ಮಳೆಯು ಎರಡು ಮೂರು ಕೆರೆಗಳನ್ನು ದಾಟಿ, ಕೆಳಗಿನ ರಸ್ತೆಯನ್ನು ಮುಟ್ಟುವಾಗ ರಾತ್ರಿ ಒಂಬತ್ತೋ ಹತ್ತೋ ಆಗಿರಬಹುದು. ರಸ್ತೆಯಿರುವ ಊರಿನಲ್ಲಿ ಅಂದು ಹನಿ ಮಳೆಯೂ ಬೀಳದಿರಬಹುದು. ಆದುದರಿಂದ "ನಮ್ಮೂರಲ್ಲಿ ಮಳೆಯೇ ಇಲ್ಲವಲ್ಲ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಗುಡುಗುಮಳೆಗಳು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆಯ ವೇಳೆಗೆ ಬರುವುದರಿಂದ, ಅವುಗಳ ನೀರು ರಸ್ತೆಗೆ ಬರುವುದು ಕತ್ತಲಾದ ಮೇಲೆಯೇ.

ಕೆಲವೆಡೆ ಏರಿಕೆ ಇನ್ನೂ ಹಠಾತ್ತಾಗಿರುತ್ತದೆ. ಶಿಂಷಾ ನದಿಗೆ ಕುಣಿಗಲ್ ತಾಲ್ಲೂಕಿನಲ್ಲಿ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯದಲ್ಲಿ ಸ್ವಯಂಚಾಲಿತ ಸೈಫನ್ ಕೋಡಿಗಳಿವೆ. ನೀರು ನಿಗದಿಯಾದ ಮಟ್ಟವನ್ನು ಮೀರಿದೊಡನೆ ಸೈಫನ್ ತಾನಾಗಿಯೇ ಎಳೆಯತೊಡಗುತ್ತದೆ. ಬಾಗಿಲು ತೆರೆಯಲು ಯಾರೂ ಬೇಕಿಲ್ಲ. ಮೈಸೂರಿನ ಇಂಜಿನಿಯರುಗಳ ಜಾಣ್ಮೆಗೆ ಇದು ಒಳ್ಳೆಯ ಸಾಕ್ಷಿ. ಆದರೆ ಕೆಳಗಿನ ಹಳ್ಳದಲ್ಲಿರುವವರಿಗೆ ನೀರು ಕ್ರಮಕ್ರಮವಾಗಿ ಏರದೆ ಒಮ್ಮೆಗೇ ಬರುತ್ತದೆ. 2025ರ ಅಕ್ಟೋಬರಿನಲ್ಲಿ ಈ ಅಣೆಕಟ್ಟಿನ ಕೆಳಗೆ ನೀರಿಗಿಳಿದಿದ್ದ ಕುಟುಂಬವೊಂದರ ಹಲವರು ಹೀಗೆ ಬಂದ ನೀರಿನಲ್ಲಿ ಕೊಚ್ಚಿಹೋದರು.

ಮೋರಿಗೂ ಮಳೆಗೂ ಇರುವ ಲೆಕ್ಕ

ಈಗ ಒಂದು ಸರಳ ಲೆಕ್ಕ ಮಾಡೋಣ. ಒಂದು ಹಳ್ಳಕ್ಕೆ ನೀರು ಹರಿದುಬರುವ ಪ್ರದೇಶವು 10 ಚದರ ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಅಲ್ಲಿ ಒಂದು ಸಂಜೆ 50 ಮಿಲಿಮೀಟರ್, ಅಂದರೆ ಎರಡು ಅಂಗುಲ, ಮಳೆ ಬಿದ್ದಿತು. ಒಟ್ಟು ನೀರು 5 ಲಕ್ಷ ಘನ ಮೀಟರ್. ಇದರಲ್ಲಿ ನೂರಕ್ಕೆ 40 ಭಾಗ ಮಾತ್ರ ಹರಿದು, ಉಳಿದುದು ನೆಲಕ್ಕೆ ಇಂಗಿತೆಂದು ಭಾವಿಸಿದರೂ, ಹಳ್ಳಕ್ಕೆ ಬರುವುದು 2 ಲಕ್ಷ ಘನ ಮೀಟರ್. ಅದು ಮೂರು ಗಂಟೆಗಳಲ್ಲಿ ಹರಿದುಹೋಗಬೇಕಾದರೆ ಸೆಕೆಂಡಿಗೆ ಸುಮಾರು 18.5 ಘನ ಮೀಟರ್ ನೀರು ಸಾಗಬೇಕು.

ರಸ್ತೆಯ ಕೆಳಗಿನ ಮೋರಿಯಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ವ್ಯಾಸದ ಎರಡು ಸಿಮೆಂಟ್ ಕೊಳವೆಗಳಿವೆಯೆನ್ನಿ. ಕಸಕಡ್ಡಿ, ತೆಂಗಿನ ಗರಿ, ಮಟ್ಟೆಗಳು ಸಿಕ್ಕಿಕೊಳ್ಳದೆ ಚೊಕ್ಕಟವಾಗಿದ್ದರೆ ಎರಡೂ ಸೇರಿ ಸೆಕೆಂಡಿಗೆ ಮೂರೂವರೆ ಘನ ಮೀಟರ್ ನೀರನ್ನು ಸಾಗಿಸಬಹುದು. ಉಳಿದ 15 ಘನ ಮೀಟರಿಗೆ ರಸ್ತೆಯ ಮೇಲೆ ಹರಿಯುವುದಲ್ಲದೆ ಬೇರೆ ದಾರಿಯಿಲ್ಲ. ತಗ್ಗಿನ ಅಗಲ 40 ಮೀಟರ್ ಆದರೆ, ನೀರು ಸುಮಾರು 25 ಸೆಂಟಿಮೀಟರ್ ಆಳದಲ್ಲಿ, ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹರಿಯುವುದು. 40, 0.25, 1.5 ಈ ಮೂರನ್ನು ಗುಣಿಸಿದರೆ 15 ಬರುವುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು.

ಸೆಕೆಂಡಿಗೆ ಒಂದೂವರೆ ಮೀಟರ್ ಎಂದರೆ ಗಂಟೆಗೆ ಐದೂವರೆ ಕಿಲೋಮೀಟರಿಗಿಂತ ಕೊಂಚ ಕಡಿಮೆ. ಮನುಷ್ಯನು ಬಿರುಸಾಗಿ ನಡೆಯುವ ವೇಗ. ಆಳವಾದರೋ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ನೋಡುವವನಿಗೆ ಇದು ಅಂಜುವಂತಹ ನೀರಾಗಿ ತೋರುವುದಿಲ್ಲ. ಆದರೆ ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದುದು. ಈ ನಡಿಗೆಯ ವೇಗದ ನೀರು ಒಂದು ವಸ್ತುವನ್ನು ನೂಕುವಷ್ಟು ಬಲದಿಂದ ಗಾಳಿ ನೂಕಬೇಕಾದರೆ, ಅದು ಗಂಟೆಗೆ 150 ಕಿಲೋಮೀಟರ್ ವೇಗದ ಚಂಡಮಾರುತವಾಗಬೇಕು!

ವಾಹನವೇಕೆ ತೇಲುತ್ತದೆ

ಒಂದು ಟನ್ನಿನಷ್ಟು ಭಾರದ ಕಬ್ಬಿಣದ ಗಾಡಿ ತೇಲುವುದುಂಟೆ ಎಂದು ಅನೇಕರು ನಗುತ್ತಾರೆ. ಕಬ್ಬಿಣದ ಹಡಗು ತೇಲುವುದನ್ನು ಬಲ್ಲವರು ನಗಲಾರರು. ನೀರಿನಲ್ಲಿ ಮುಳುಗಿದ ವಸ್ತುವನ್ನು, ಅದು ಪಲ್ಲಟಗೊಳಿಸಿದ ನೀರಿನ ತೂಕದಷ್ಟೇ ಬಲವು ಮೇಲಕ್ಕೆ ಎತ್ತುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವವು ಹಡಗಿಗೂ ಕಾರಿಗೂ ಒಂದೇ.

ಚಿಕ್ಕ ಕಾರೊಂದರ ತೂಕ 900 ಕಿಲೋಗ್ರಾಂ. ಅದರ ತಳವು ನೆಲದಿಂದ 17 ಸೆಂಟಿಮೀಟರ್ ಎತ್ತರದಲ್ಲಿದೆ. ತಳದ ವಿಸ್ತೀರ್ಣ ಸುಮಾರು 5 ಚದರ ಮೀಟರ್. ನೀರು ತಳವನ್ನು ಮುಟ್ಟಿದ ಮೇಲೆ ಅದು ಏರುವ ಪ್ರತಿ ಒಂದು ಸೆಂಟಿಮೀಟರಿಗೂ 50 ಕಿಲೋಗ್ರಾಂ ನೀರು ಪಲ್ಲಟಗೊಳ್ಳುವುದು. ಕಾರಿನ ಭಾರ ಅಷ್ಟು ಕಡಿಮೆಯಾಗುವುದು. ಹದಿನೆಂಟು ಸೆಂಟಿಮೀಟರ್ ಏರಿದರೆ 900 ಕಿಲೋಗ್ರಾಂ ಪೂರ್ತಿಯಾಗಿ ಸರಿದೂಗುವುದು. ಅಂದರೆ ರಸ್ತೆಯಿಂದ 35 ಸೆಂಟಿಮೀಟರ್, ಒಂದು ಅಡಿ ಎರಡು ಅಂಗುಲ, ನೀರಿನಲ್ಲಿ ಕಾರಿನ ಚಕ್ರಗಳು ನೆಲದ ಮೇಲೆ ಭಾರ ಹಾಕುವುದೇ ಇಲ್ಲ. ಸಂದುಗಳಿಂದ ನೀರು ಒಳಕ್ಕೆ ಜಿನುಗುತ್ತಾ ಬರುವುದರಿಂದ ಕಾರು ಕೊನೆಗೆ ಮುಳುಗುವುದು ನಿಜ. ಆದರೆ ಅಷ್ಟರೊಳಗೆ ಅದು ರಸ್ತೆಯ ಮೇಲೆ ಇರುವುದಿಲ್ಲ.

ಹರಿವಿನ ನೂಕುಬಲ

ತೇಲುವುದಕ್ಕೆ ಮೊದಲೇ ಇನ್ನೊಂದು ಅಪಾಯ ಕಾದಿರುತ್ತದೆ. ವಾಹನವನ್ನು ರಸ್ತೆಯ ಮೇಲೆ ಹಿಡಿದಿಟ್ಟಿರುವುದು ಘರ್ಷಣೆ. ಘರ್ಷಣೆಯು ಚಕ್ರಗಳು ನೆಲವನ್ನು ಒತ್ತುವ ಭಾರಕ್ಕೆ ಅನುಗುಣವಾದುದು. ಕೆಸರುನೀರು ಹರಿಯುತ್ತಿರುವ ರಸ್ತೆಯಲ್ಲಿ ಅದು ಭಾರದ ಹತ್ತರಲ್ಲಿ ಮೂರು ಪಾಲು ಎಂದಿಟ್ಟುಕೊಳ್ಳೋಣ.

ನೀರಿನ ಆಳ 30 ಸೆಂಟಿಮೀಟರ್ ಆಗಿದ್ದಾಗ ಕಾರಿನ ಒಡಲು 13 ಸೆಂಟಿಮೀಟರ್ ಮುಳುಗಿರುತ್ತದೆ. ಮೇಲೆತ್ತುವ ಬಲ 650 ಕಿಲೋಗ್ರಾಂ. ನೆಲದ ಮೇಲೆ ಉಳಿದ ಭಾರ 250 ಕಿಲೋಗ್ರಾಂ. ಘರ್ಷಣೆ ತಡೆಯಬಲ್ಲುದು 75 ಕಿಲೋಗ್ರಾಂ ಮಾತ್ರ. ಇನ್ನು ನೀರು ಪಕ್ಕದಿಂದ ನೂಕುವ ಬಲವನ್ನು ನೋಡೋಣ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಮುಳುಗಿದ ಪಕ್ಕದ ವಿಸ್ತೀರ್ಣ ಅರ್ಧ ಚದರ ಮೀಟರ್ ಎಂದಾದರೆ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನೂಕುಬಲ ಸುಮಾರು 25 ಕಿಲೋಗ್ರಾಂ. 2 ಮೀಟರ್ ವೇಗದಲ್ಲಿ 100 ಕಿಲೋಗ್ರಾಂ. 3 ಮೀಟರ್ ವೇಗದಲ್ಲಿ 225 ಕಿಲೋಗ್ರಾಂ. ಮೊದಲನೆಯ ವೇಗದಲ್ಲಿ ಕಾರು ನಿಲ್ಲುತ್ತದೆ, ಎರಡನೆಯದರಲ್ಲಿ ಜಾರುತ್ತದೆ. ಜಾರಿ ರಸ್ತೆಯ ಅಂಚನ್ನು ದಾಟಿದೊಡನೆ ಆಳ ಹೆಚ್ಚಿ ತೇಲುತ್ತದೆ.

ಹಿಂದಿನ ಲೆಕ್ಕದ 25 ಸೆಂಟಿಮೀಟರ್ ನೀರಿನಲ್ಲಿ ಇದೇ ಕಾರು ನೆಲದ ಮೇಲೆ 500 ಕಿಲೋಗ್ರಾಂ ಭಾರ ಉಳಿಸಿಕೊಂಡಿರುತ್ತದೆ. ಐದೇ ಸೆಂಟಿಮೀಟರ್, ಎರಡು ಅಂಗುಲ, ಏರಿದಾಗ ಆ ಭಾರ ಅರ್ಧವಾಗುವುದು. "ನಿನ್ನೆ ಇಷ್ಟೇ ನೀರಿನಲ್ಲಿ ದಾಟಿದೆ" ಎನ್ನುವವನಿಗೆ ನಿನ್ನೆಗೂ ಇಂದಿಗೂ ಇರುವ ಎರಡು ಅಂಗುಲದ ಅಂತರವು ರಾತ್ರಿಯಲ್ಲಿ ಹೇಗೆ ತಿಳಿಯಬೇಕು?

ನಮ್ಮ ಲೆಕ್ಕ ಸ್ಥೂಲವಾದುದು. ಪ್ರಯೋಗವು ಇನ್ನೂ ಕಠೋರವಾದ ತೀರ್ಪನ್ನು ಕೊಟ್ಟಿದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಲಸಂಶೋಧನಾಲಯದಲ್ಲಿ ನಿಜವಾದ ವಾಹನಗಳನ್ನೇ ನೀರಿನಲ್ಲಿಟ್ಟು ಪರೀಕ್ಷಿಸಿದರು. ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ತೂಕದ ಚಿಕ್ಕ ಕಾರು, ಸೆಕೆಂಡಿಗೆ 1 ಮೀಟರ್ ವೇಗದ ನೀರಿನಲ್ಲಿ ಆಳ ಕೇವಲ 15 ಸೆಂಟಿಮೀಟರ್ ಆದಾಗಲೇ ಕದಲಿತು. 60 ಸೆಂಟಿಮೀಟರಿನಲ್ಲಿ ಪೂರ್ತಿಯಾಗಿ ತೇಲಿತು. ಎರಡೂವರೆ ಟನ್ ತೂಕದ, ನಾಲ್ಕು ಚಕ್ರಗಳಿಗೂ ಎಳೆತವಿರುವ ದೊಡ್ಡ ವಾಹನವೂ 45 ಸೆಂಟಿಮೀಟರಿನಲ್ಲಿ ಸ್ಥಿರತೆ ಕಳೆದುಕೊಂಡು, 95 ಸೆಂಟಿಮೀಟರಿನಲ್ಲಿ ತೇಲಿತು. ದೊಡ್ಡ ಗಾಡಿಗೆ ಭಯವಿಲ್ಲವೆಂಬ ನಂಬಿಕೆಗೆ ಇದು ತಕ್ಕ ಉತ್ತರ.

ನಮ್ಮ ಹಳ್ಳಿಗಳಲ್ಲಿ ಕಾರಿಗಿಂತ ಹೆಚ್ಚು ಓಡಾಡುವುದು ದ್ವಿಚಕ್ರ ವಾಹನ. ಅದು ಎರಡೇ ಗಾಲಿಗಳ ಮೇಲೆ, ಓಟದ ಬಲದಿಂದ ನೆಟ್ಟಗೆ ನಿಂತಿರುವುದು. ನೀರಿನಲ್ಲಿ ವೇಗ ತಗ್ಗಿದಂತೆ ಸವಾರನು ಕಾಲೂರಬೇಕಾಗುವುದು. ಊರಿದ ಕಾಲಿನ ಮೇಲೆಯೇ ನೀರಿನ ನೂಕು ಬೀಳುವುದು. ವೇಗವಾಗಿ ಹರಿಯುವ 15 ಸೆಂಟಿಮೀಟರ್ ನೀರು ಬೆಳೆದ ಮನುಷ್ಯನನ್ನು ಕೆಡವಬಲ್ಲುದೆಂದು ಅಮೆರಿಕದ ಹವಾಮಾನ ಇಲಾಖೆ ತನ್ನ ಜನರಿಗೆ ಎಚ್ಚರಿಸುತ್ತದೆ. ಆ ದೇಶದಲ್ಲಿ ದಿಢೀರ್ ಪ್ರವಾಹದಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ವಾಹನವನ್ನು ನೀರಿಗೆ ನಡೆಸಿದುದರಿಂದಲೇ ಸಂಭವಿಸುವಂಥವು.

ಇರುಳು ಕಣ್ಣನ್ನು ವಂಚಿಸುವ ಬಗೆ

ಹಗಲಿನಲ್ಲಿ ನೀರಿನ ಬಣ್ಣ, ಸುಳಿ, ತೇಲಿಬರುವ ಕಸ, ದಡದ ಗುರುತು ಎಲ್ಲವೂ ಕಾಣುವುವು. ರಾತ್ರಿಯಲ್ಲಿ ನಮಗಿರುವ ಸಾಧನ ವಾಹನದ ದೀಪವೊಂದೇ. ಆ ದೀಪವೇ ಇಲ್ಲಿ ಸುಳ್ಳುಸಾಕ್ಷಿ ಹೇಳುತ್ತದೆ.

ನಿಂತ ನೀರನ್ನು ನೇರವಾಗಿ ಮೇಲಿನಿಂದ ನೋಡಿದಾಗ, ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಪ್ರತಿಫಲಿಸುವುದು. ಬೆಳಕು ಓರೆಯಾಗಿ ಬಿದ್ದಷ್ಟೂ ಪ್ರತಿಫಲನ ಹೆಚ್ಚುವುದು. ಕಾರಿನ ದೀಪ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದ್ದು, 30 ಮೀಟರ್ ಮುಂದಿರುವ ನೀರಿನ ಮೇಲೆ ಬೆಳಕು ಬಿದ್ದರೆ, ಅದು ನೀರಿನ ಮೈಯನ್ನು ಕೇವಲ ಒಂದೂಕಾಲು ಡಿಗ್ರಿಯಷ್ಟು ಕೋನದಲ್ಲಿ ಸವರಿಕೊಂಡು ಹೋಗುವುದು. ಆಗ ನೂರಕ್ಕೆ ಸುಮಾರು 85 ಪಾಲು ಬೆಳಕು ಕನ್ನಡಿಯಿಂದ ಹಾರಿದಂತೆ ಮುಂದಕ್ಕೆ ಹಾರಿಹೋಗುವುದು. ಹಿಂದಿರುಗಿ ಚಾಲಕನ ಕಣ್ಣನ್ನು ಸೇರುವುದಿಲ್ಲ. ಆದುದರಿಂದ ಚಾಲಕನಿಗೆ ಆ ಜಾಗ ಕಪ್ಪಾಗಿ, ಒದ್ದೆಯಾದ ಡಾಂಬರಿನಂತೆಯೇ ತೋರುವುದು. ನೀರು ಕದಡಿ ಕೆಂಪಾಗಿದ್ದರೆ ಕೆಮ್ಮಣ್ಣಿನ ರಸ್ತೆಯಂತೆ ತೋರುವುದು. ಎರಡರಲ್ಲಿಯೂ ಆಳ ತಿಳಿಯುವುದಿಲ್ಲ.

ನೀರು ಕಂಡ ಮೇಲೆ ನಿಲ್ಲಿಸಬಾರದೆ ಎಂದು ಕೇಳಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ 16.7 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕನ್ನು ಮೆಟ್ಟುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರ್ ಕಳೆಯಿತು. ಒದ್ದೆ ರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಒಟ್ಟು 60 ಮೀಟರ್. ತಗ್ಗಿಸಿದ ದೀಪದಲ್ಲಿ ಚೆನ್ನಾಗಿ ಕಾಣುವುದು 40–50 ಮೀಟರ್ ಮಾತ್ರ. ವೇಗವನ್ನು 40 ಕಿಲೋಮೀಟರಿಗೆ ಇಳಿಸಿದರೆ ನಿಲ್ಲಲು ಬೇಕಾಗುವ ದೂರ ಸುಮಾರು 32 ಮೀಟರಿಗೆ ಇಳಿಯುವುದು. ಮಳೆಗಾಲದ ರಾತ್ರಿಯಲ್ಲಿ ನಿಧಾನವಾಗಿ ಹೋಗಬೇಕೆಂಬ ಹಿರಿಯರ ಬುದ್ಧಿಮಾತಿಗೆ ಈ ಅಂಕಿಗಳೇ ಆಧಾರ.

ನೀರಿನ ಕೆಳಗೆ ರಸ್ತೆಯಿದೆಯೆ?

ಮೇಲಿನ ಲೆಕ್ಕಗಳಲ್ಲೆಲ್ಲ ನೀರಿನ ಕೆಳಗೆ ರಸ್ತೆ ಭದ್ರವಾಗಿದೆಯೆಂದು ಭಾವಿಸಿದೆವು. ಅದೂ ನಿಜವಾಗದಿರಬಹುದು. ನೀರು ರಸ್ತೆಯನ್ನು ದಾಟಿ ಕೆಳಪಕ್ಕದ ಇಳಿಜಾರಿನಲ್ಲಿ ಧುಮುಕುವಾಗ ಅದರ ವೇಗ ಹೆಚ್ಚುವುದು. ವೇಗ ಇಮ್ಮಡಿಯಾದರೆ ನೀರು ಉರುಳಿಸಬಲ್ಲ ಕಲ್ಲಿನ ತೂಕ 64 ಮಡಿಯಾಗುವುದೆಂದು ಸಿದ್ಧಾಂತವು ಹೇಳುತ್ತದೆ. ಕೆಳಪಕ್ಕದ ಮಣ್ಣು ಮೊದಲು ಕೊಚ್ಚಿಹೋಗಿ, ಕೊರೆತವು ಹಿಂದಕ್ಕೆ ಸಾಗುತ್ತಾ ರಸ್ತೆಯ ಅಡಿಯನ್ನು ತಲಪುವುದು. ಕೆಲವು ಹೊತ್ತು ಡಾಂಬರಿನ ಪದರವು ಆಧಾರವಿಲ್ಲದ ಚಜ್ಜದಂತೆ ನಿಂತಿದ್ದು, ಭಾರ ಬಿದ್ದೊಡನೆ ಮುರಿಯುವುದು. ಎರಡು ಸಾಲು ತೆಂಗಿನ ಮರಗಳ ನಡುವೆ ರಸ್ತೆ ನೇರವಾಗಿ ಹೋಗಿದೆಯೆಂದು ಚಾಲಕನು ನಂಬಬಹುದು. ಮರಗಳು ನಿಂತಿರುತ್ತವೆ, ನಡುವಣ ರಸ್ತೆ ಹೋಗಿರುತ್ತದೆ.

ಕೆರೆಯ ನೀರು ದಾರಿಯನ್ನು ಕೊಚ್ಚಿದರೆ ಏನಾದೀತೆಂಬುದಕ್ಕೆ ನೆರೆಯ ತೆಲುಗು ನಾಡಿನ ಒಂದು ದುರಂತ ಸಾಕ್ಷಿ. 2005ರ ಅಕ್ಟೋಬರ್ 29ರ ಬೆಳಗಿನ ಜಾವ, ನಲ್ಗೊಂಡ ಜಿಲ್ಲೆಯ ವಲಿಗೊಂಡದ ಬಳಿ ಮಳೆಯಿಂದ ತುಂಬಿದ್ದ ಕೆರೆ ಒಡೆದು ರೈಲುಹಾದಿಯ ಕೆಳಗಿನ ಮಣ್ಣನ್ನು ಒಯ್ದಿತು. ಕತ್ತಲಲ್ಲಿ ಬಂದ ಡೆಲ್ಟಾ ಪ್ಯಾಸೆಂಜರ್ ರೈಲು ಅಲ್ಲಿ ಬಿದ್ದು ನೂರಕ್ಕೂ ಹೆಚ್ಚು ಜನ ಮಡಿದರು. ಅದಕ್ಕೂ ಹಿಂದೆ, 1956ರ ನವೆಂಬರಿನಲ್ಲಿ, ಮದರಾಸು ರಾಜ್ಯದ ಅರಿಯಲೂರಿನ ಬಳಿ ಪ್ರವಾಹದಿಂದ ಸೇತುವೆ ಕುಸಿದು ರೈಲೊಂದು ನದಿಗೆ ಬಿದ್ದಾಗ, ಅಂದಿನ ರೈಲ್ವೆ ಮಂತ್ರಿಗಳಾಗಿದ್ದ ಲಾಲ್ ಬಹಾದೂರ್ ಶಾಸ್ತ್ರಿಗಳು ಹೊಣೆ ಹೊತ್ತು ರಾಜೀನಾಮೆಯಿತ್ತರು. ಉಕ್ಕಿನ ಹಳಿಗಳಿರುವ ಹಾದಿಯ ಗತಿಯೇ ಹೀಗಾದರೆ, ಹಳ್ಳಿಯ ರಸ್ತೆಯ ಪಾಡೇನು?

ವಾಹನದೊಳಗೆ ಸಿಲುಕಿದಾಗ

ನೀರಿನಲ್ಲಿ ಇಂಜಿನ್ ನಿಂತುಹೋಗುವುದು ಸಾಮಾನ್ಯ. ಗಾಳಿ ಸೇದುವ ದಾರಿಯಿಂದ ನೀರು ಸಿಲಿಂಡರಿನೊಳಕ್ಕೆ ಸೇರುತ್ತದೆ. ಗಾಳಿಯಂತೆ ನೀರನ್ನು ಅದುಮಲಾಗದು. ಪಿಸ್ಟನ್ ಮೇಲೇರಲಾರದೆ ಅದರ ತೋಳು ಬಾಗುತ್ತದೆ. ಆಮೇಲೆ ಎಷ್ಟು ಬಾರಿ ಚಾಲೂ ಮಾಡಿದರೂ ಇಂಜಿನ್ನಿಗೆ ಇನ್ನಷ್ಟು ಹಾನಿಯೇ ಹೊರತು ಪ್ರಯೋಜನವಿಲ್ಲ.

ಬಾಗಿಲು ತೆರೆದು ಇಳಿಯೋಣವೆಂದರೆ, ಹೊರಗಿನ ನೀರು ಬಾಗಿಲಿನ ಕೆಳ ಅಂಚಿನಿಂದ 60 ಸೆಂಟಿಮೀಟರ್ ಮೇಲಕ್ಕೆ ಬಂದಿದ್ದಾಗ, ಒಂದು ಮೀಟರ್ ಅಗಲದ ಬಾಗಿಲನ್ನು ಅದು ಸುಮಾರು 180 ಕಿಲೋಗ್ರಾಂ ಬಲದಿಂದ ಒತ್ತುತ್ತದೆ. ಮೂವರು ಮನುಷ್ಯರ ಭಾರವನ್ನು ಒಳಗಿನಿಂದ ಒಬ್ಬನು ನೂಕಬಲ್ಲನೆ? ಆದುದರಿಂದ ಬಾಗಿಲನ್ನು ನೆಚ್ಚದೆ, ಕಿಟಕಿಯನ್ನು ನೆಚ್ಚಬೇಕು. ವಿದ್ಯುತ್ತಿನಿಂದ ಇಳಿಯುವ ಗಾಜು ನೀರು ತಗಲಿ ಕೆಡುವುದಕ್ಕೆ ಮೊದಲೇ, ಮೊದಲ ಒಂದು ನಿಮಿಷದೊಳಗೆ, ಮಾಡಬೇಕಾದ ಕೆಲಸಗಳು ಇವು: ಸೀಟಿನ ಪಟ್ಟಿಯನ್ನು ಬಿಚ್ಚುವುದು, ಕಿಟಕಿಯ ಗಾಜನ್ನು ಇಳಿಸುವುದು, ಮಕ್ಕಳನ್ನು ಮೊದಲು ಹೊರಕ್ಕೆ ದಾಟಿಸಿ, ತಾನೂ ಹೊರಬರುವುದು. ಗಾಜು ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಮೊನೆಯಿರುವ ಸುತ್ತಿಗೆಯಿಂದ ಹೊಡೆಯಬೇಕು. ಮುಂದಿನ ಗಾಜು ಪದರಗಳನ್ನು ಅಂಟಿಸಿ ಮಾಡಿದುದಾದ್ದರಿಂದ ಬಿರಿದರೂ ಬಿಟ್ಟುಕೊಡುವುದಿಲ್ಲ. ಹೊರಗೆ ನೀರಿನ ಸೆಳೆತ ಬಲವಾಗಿದ್ದರೆ ಕಾರಿನ ಮಾಡಿನ ಮೇಲೇರಿ ಸಹಾಯಕ್ಕೆ ಕೂಗುವುದು ಲೇಸು. ತುರ್ತುಸೇವೆಯ ದೂರವಾಣಿ ಸಂಖ್ಯೆ 112. ಜಿಲ್ಲೆಯ ವಿಪತ್ತು ನಿರ್ವಹಣೆಗೆ 1077.

ಇದು ಹಳ್ಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆಯ ನೀರು ನಿಂತಿದ್ದಾಗ, ಅದರೊಳಕ್ಕೆ ಹೋದ ಕಾರಿನಲ್ಲಿದ್ದ 22 ವರ್ಷದ ತರುಣಿಯೊಬ್ಬಳು ಪ್ರಾಣ ಕಳೆದುಕೊಂಡಳು. ರಾಜಧಾನಿಯ ನಡುವೆ, ವಿಧಾನಸೌಧದಿಂದ ಕೂಗಳತೆಯಲ್ಲಿ, ಹಗಲಿನಲ್ಲಿ ಹೀಗಾಯಿತು. ಸಹಾಯಕ್ಕೆ ಬರುವವರೇ ಇಲ್ಲದ ತೋಟದ ರಸ್ತೆಯಲ್ಲಿ, ನಡುರಾತ್ರಿಯಲ್ಲಿ, ಸ್ಥಿತಿ ಹೇಗಿದ್ದೀತೆಂಬುದನ್ನು ಊಹಿಸಿಕೊಳ್ಳಬಹುದು.

ಮನಸ್ಸಿನ ತಪ್ಪುಗಳು

ವಿಜ್ಞಾನ ಬಲ್ಲವರೂ ಈ ತಪ್ಪು ಮಾಡುವುದುಂಟು. ಅದಕ್ಕೆ ಕಾರಣಗಳು ಮೂರು. ಒಂದು, ಪರಿಚಯದ ಸಲಿಗೆ: "ಹುಟ್ಟಿದಾಗಿನಿಂದ ಓಡಾಡಿದ ದಾರಿ." ಎರಡು, ಅನುಕರಣೆ: ಮುಂದೆ ಹೋದ ಬಸ್ಸು ದಾಟಿತೆಂದು ಹಿಂದಿನ ಕಾರೂ ಇಳಿಯುವುದು. ಬಸ್ಸಿನ ತಳದ ಎತ್ತರವೂ ತೂಕವೂ ಬೇರೆ. ಮೇಲಾಗಿ ಅದು ದಾಟಿದ ಮೇಲೆ ನೀರು ಏರಿರಬಹುದು. ಮೂರು, ಮನೆ ಹತ್ತಿರವಾಯಿತೆಂಬ ಆತುರ. ಇಪ್ಪತ್ತು ಮೈಲಿ ಬಂದವನಿಗೆ ಕೊನೆಯ ಅರ್ಧ ಮೈಲಿಯನ್ನು ಬಿಟ್ಟು ಹಿಂದಿರುಗುವುದು ಸೋಲಿನಂತೆ ತೋರುವುದು.

ಈ ಮೂರಕ್ಕೂ ಮದ್ದು ಒಂದೇ: ಹೊರಡುವ ಮೊದಲೇ ನಿಯಮವನ್ನು ಗೊತ್ತುಮಾಡಿಕೊಳ್ಳುವುದು. ರಸ್ತೆಯ ಮೇಲೆ ನೀರು ಹರಿಯುತ್ತಿದ್ದು, ಕೆಳಗಿನ ರಸ್ತೆ ಕಣ್ಣಿಗೆ ಕಾಣದಿದ್ದರೆ, ವಾಹನವನ್ನು ಇಳಿಸುವುದಿಲ್ಲ, ಅಷ್ಟೆ. ಆಳವನ್ನು ನೋಡಿಬರುವೆನೆಂದು ಕತ್ತಲಲ್ಲಿ ನಡೆದು ಇಳಿಯುವುದೂ ಸಲ್ಲದು. ವಾಹನವನ್ನು ಹಿಂದಕ್ಕೆ ತಿರುಗಿಸಿ, ಎತ್ತರದ ನೆಲದಲ್ಲಿ ನಿಲ್ಲಿಸಿ, ಹಿಂದೆ ಬರುವವರಿಗೂ ತಿಳಿಸಬೇಕು. ಮನೆಗೆ ದೂರವಾಣಿಯಲ್ಲಿ ಹೇಳಬೇಕು. ಚಿಕ್ಕ ಹಳ್ಳಗಳು ಏರುವಷ್ಟೇ ಬೇಗ ಇಳಿಯುವುವು. ನಮ್ಮ ಲೆಕ್ಕದ ಪ್ರವಾಹವೂ ಮೂರು ಗಂಟೆಯದು. ಮೂರು ಗಂಟೆ ಕಾದವನು ಬೆಳಗಿನ ಕಾಫಿಗೆ ಮನೆಯಲ್ಲಿರುವನು.

ಎರಡು ಪ್ರಯೋಗಗಳು

ಓದಿದ್ದನ್ನು ಮಾಡಿ ನೋಡಿದಾಗಲೇ ಅದು ಮನಸ್ಸಿನಲ್ಲಿ ನಿಲ್ಲುವುದು. 20 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಬಿಸ್ಕತ್ತಿನ ತಗಡು ಡಬ್ಬಿಯೊಂದಕ್ಕೆ ಕಲ್ಲು ತುಂಬಿ ಒಟ್ಟು ತೂಕವನ್ನು 600 ಗ್ರಾಂ ಮಾಡಿ. ಕಲ್ಲುಗಳನ್ನು ತಳದಲ್ಲಿ ಸಮನಾಗಿ ಹರಡಿರಬೇಕು. ಅದನ್ನು ಅಗಲವಾದ ಬೋಗುಣಿಯಲ್ಲಿಟ್ಟು ಸುತ್ತಲೂ ನೀರನ್ನು ಮೆಲ್ಲಗೆ ಸುರಿಯುತ್ತಾ, ಅಳತೆಪಟ್ಟಿಯಿಂದ ಆಳವನ್ನು ನೋಡಿ, ಡಬ್ಬಿಯನ್ನು ಬೆರಳಿನಿಂದ ಆಗಾಗ ನೂಕಿ ನೋಡಿ. 2 ಸೆಂಟಿಮೀಟರಿನಲ್ಲಿ ಅದು ಎಷ್ಟು ಹಗುರಾಗಿ ಜಾರುತ್ತದೆ? ಎಷ್ಟು ಆಳದಲ್ಲಿ ತೇಲುತ್ತದೆ? ಉತ್ತರವನ್ನು ಮೊದಲು ಲೆಕ್ಕದಿಂದ ಕಂಡುಹಿಡಿದು, ಆಮೇಲೆ ಪ್ರಯೋಗದೊಡನೆ ಹೋಲಿಸಿ.

ಎರಡನೆಯದನ್ನು ರಾತ್ರಿ ಅಂಗಳದಲ್ಲಿ ಮಾಡಿ. ಒಂದು ಅಗಲವಾದ ತಟ್ಟೆಗೆ ನೀರು ತುಂಬಿ ನೆಲದ ಮೇಲಿಟ್ಟು, ಅದರಾಚೆ ಒಂದು ಗೋಡೆಯಿರುವಂತೆ ನೋಡಿಕೊಳ್ಳಿ. ಟಾರ್ಚನ್ನು ಮೊದಲು ನೇರವಾಗಿ ಮೇಲಿನಿಂದ ಬಿಡಿ. ತಟ್ಟೆಯ ತಳ ಕಾಣುವುದು. ಆಮೇಲೆ ದೂರಕ್ಕೆ ಸರಿದು, ಟಾರ್ಚನ್ನೂ ಕಣ್ಣನ್ನೂ ನೆಲಕ್ಕೆ ಸಮೀಪವಾಗಿ ತಂದು ನೋಡಿ. ತಟ್ಟೆ ಕಪ್ಪಾಗುವುದು, ಬೆಳಕು ಆಚೆಯ ಗೋಡೆಯ ಮೇಲೆ ಕುಣಿಯುವುದು. ಚಾಲಕನಿಗೆ ಕಾಣುವುದು ಇಷ್ಟೇ.

ಕೊನೆಯದಾಗಿ, ಪ್ರಯೋಗಶಾಲೆಯ ಹೊರಗಿನ ಒಂದು ಕೆಲಸ. ನಿಮ್ಮ ಊರಿನ ರಸ್ತೆ ಯಾವ ಕೆರೆಯ ಕೋಡಿಯ ಕೆಳಗೆ ಹಾದುಹೋಗುತ್ತದೆ? ಅದರ ಮೇಲಿನ ಕೆರೆ ಯಾವುದು? ಆ ಕೆರೆ ಕೋಡಿಬಿದ್ದರೆ ಯಾವ ಯಾವ ತಗ್ಗುಗಳಲ್ಲಿ ನೀರು ಬರುತ್ತದೆ? ಊರಿನ ಹಿರಿಯರನ್ನೂ ನೀರುಗಂಟಿಯನ್ನೂ ಕೇಳಿ ಒಂದು ನಕ್ಷೆ ಬರೆಯಿರಿ. ಬೇಸಗೆಯಲ್ಲಿ, ಹಳ್ಳ ಒಣಗಿರುವಾಗ, ತಗ್ಗಿನ ಎರಡು ಕಡೆಯಲ್ಲಿಯೂ ಅಳತೆಗಂಬ ನಿಲ್ಲಿಸಿ 15 ಸೆಂಟಿಮೀಟರಿನ ಮೇಲೆ ಕೆಂಪು ಬಣ್ಣ ಬಳಿಯುವಂತೆ ಗ್ರಾಮಪಂಚಾಯಿತಿಯನ್ನು ಕೇಳಿಕೊಳ್ಳಿ. ದೀಪದ ಬೆಳಕಿಗೆ ಹೊಳೆಯುವ ಬಣ್ಣವಾದರೆ ಇನ್ನೂ ಉತ್ತಮ. ಕಂಬದಲ್ಲಿ ಕೆಂಪು ಮುಳುಗಿದೆಯೆ ಇಲ್ಲವೆ ಎಂಬುದನ್ನು ಅಕ್ಷರ ಬಾರದವನೂ ಓದಬಲ್ಲನು. ಆರ್ಕಿಮಿಡೀಸನ ತತ್ತ್ವವನ್ನು ಪರೀಕ್ಷೆಯ ಕಾಗದದಲ್ಲಿ ಬರೆದು ಅಂಕ ಪಡೆಯುವುದು ಒಳ್ಳೆಯದೇ. ಅದನ್ನು ಊರಿನ ಹಳ್ಳದ ದಡದಲ್ಲಿ ಒಂದು ಕಂಬವಾಗಿ ನೆಡುವುದು, ಯಾವುದೋ ಒಂದು ರಾತ್ರಿ ಒಂದು ಮನೆಯ ದೀಪವನ್ನು ಉಳಿಸೀತು.